ಕಾಲು ತೆಗೆದರೆ ಪಟಾಕಿ: ಹಳೇ ಕಾರಿನ ಸೈಲೆನ್ಸರ್ ಸದ್ದು ನಿಲ್ಲಿಸುವುದು ಹೇಗೆ?

ನಂದಿ ಬೆಟ್ಟ ಇಳಿಯುವಾಗ ಎಕ್ಸಲರೇಟರ್ ಮೇಲಿಂದ ಕಾಲು ತೆಗೆದರೆ ಸಾಕು, ನನ್ನ ಪ್ರೀಮಿಯರ್ ಪದ್ಮಿನಿ ಪಟ್ ಪಟ್ ಎಂದು ಸಿಡಿಯುತ್ತಿತ್ತು. ಕಟ್ಟೆ ಮೇಲಿನ ಕೋತಿಗಳೂ ಎದ್ದು ಓಡುತ್ತಿದ್ದವು. ಗ್ಯಾರೇಜಿನಲ್ಲಿ ಒಂದೇ ಮಾತು, "ಟ್ಯೂನಿಂಗ್ ಮಾಡ್ಬೇಕು ಸಾರ್." ಮೂರು ಸಲ ಮಾಡಿಸಿದೆ. ಪೆಟ್ರೋಲ್ ಜಾಸ್ತಿ ಕುಡಿಯಿತು, ಪ್ಲಗ್ ಕಪ್ಪಾಯಿತು, ಸದ್ದು ಹಾಗೇ ಉಳಿಯಿತು. ಕಡೆಗೆ ನೋಡಿದರೆ ಸೈಲೆನ್ಸರ್ ಪೈಪಿನ ಜಾಯಿಂಟಿನಲ್ಲಿ ಸೋರದಂತೆ ಕೂರಿಸುವ ಪ್ಯಾಕಿಂಗ್ (ಗ್ಯಾಸ್ಕೆಟ್) ಸುಟ್ಟುಹೋಗಿತ್ತು. ಹಾಗಾಗಿ ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೊರೇಟರಿನ ಟ್ಯೂನಿಂಗ್ ಕೊನೆಗಿರಲಿ.

ಮೊದಲು ಸದ್ದು ಯಾವಾಗ ಬರುತ್ತದೆ ಗಮನಿಸಿ. ಎಕ್ಸಲರೇಟರ್ ಒತ್ತಿದಾಗ ಕಾರ್ಬೊರೇಟರ್ ಬಾಯಿಂದಲೇ ಸಿಡಿದರೆ ಅದು ಬೇರೆ ಕಾಯಿಲೆ. ಕಾಲು ತೆಗೆದಾಗ ಹಿಂದಿನಿಂದ ಸಿಡಿಯುವುದಷ್ಟೇ ಇಲ್ಲಿನ ವಿಷಯ. ಇಳಿಜಾರಿನಲ್ಲಿ ಒಂದೆರಡು ಸಣ್ಣ ಚಟಪಟ ಇದ್ದರೆ ಸುಮ್ನೆ ಬಿಡಿ, ಹಳೇ ಇಂಜಿನ್ ಅಷ್ಟು ಮಾತಾಡುತ್ತದೆ.

ಕಾಲು ತೆಗೆದಾಗ ಸಿಲಿಂಡರಿಗೆ ಹೋಗುವ ಗಾಳಿ ತೀರಾ ಕಮ್ಮಿ. ಒಳಗೆ ಹಳೇ ಹೊಗೆಯೇ ಜಾಸ್ತಿ. ಕಿಡಿ ಬಿದ್ದರೂ ಪೆಟ್ರೋಲ್ ಸರಿಯಾಗಿ ಉರಿಯುವುದಿಲ್ಲ, ಹಸಿಯಾಗಿಯೇ ಸೈಲೆನ್ಸರಿಗೆ ಹೋಗುತ್ತದೆ. ಪೈಪಿನಲ್ಲಿ ತೂತಿದ್ದರೆ ಹೊರಗಿನ ಗಾಳಿ ಒಳಗೆ ಎಳೆದುಕೊಳ್ಳುತ್ತದೆ. ಬಿಸಿ, ಪೆಟ್ರೋಲ್, ಗಾಳಿ ಮೂರೂ ಸೇರಿದವು, ಢಬ್!

ಆ ತೂತು ಹುಡುಕುವುದರಲ್ಲೇ ಎಲ್ಲರೂ ಎಡವುತ್ತಾರೆ. ಬಿಸಿಯಾದ ಪೈಪು ಹಿಗ್ಗಿ ಸಂದು ಮುಚ್ಚಿಕೊಳ್ಳಬಹುದು, ಕೈ ಹಾಕಿದರೆ ಸುಡುವುದಂತೂ ಖಂಡಿತ. ಬೆಳಗ್ಗೆ ತಣ್ಣಗಿರುವಾಗ, ಬಯಲಲ್ಲಿ ನಿಲ್ಲಿಸಿ ನೋಡಿ. ಮುಚ್ಚಿದ ಶೆಡ್ಡಿನಲ್ಲಿ ಬೇಡವೇ ಬೇಡ, ಆ ಹೊಗೆ ಜೀವ ತೆಗೆಯುತ್ತದೆ. ಗೇರ್ ನ್ಯೂಟ್ರಲ್, ಹ್ಯಾಂಡ್ ಬ್ರೇಕ್ ಎಳೆದಿರಲಿ. ಒಬ್ಬರು ಸ್ಟಾರ್ಟ್ ಮಾಡಿ, ಹಿಂದಿನ ಪೈಪಿನ ಬಾಯಿಗೆ ಒದ್ದೆ ಬಟ್ಟೆ ಎರಡು ಸೆಕೆಂಡ್ ಅಡ್ಡ ಹಿಡಿಯಲಿ. ನೀವು ಇಂಜಿನ್ ಕಡೆ ಬಾಗಿ ಕೇಳಿ. ಟಿಕ್ ಟಿಕ್ ಅಥವಾ ಸುಯ್ ಎಂದ ಕಡೆಯೇ ಲೀಕ್. ಅಲ್ಲಿ ಮಸಿ ಗೆರೆಯೂ ಕಾಣಬಹುದು. ನನಗೆ ಇನ್ನೂ ಇಷ್ಟವಾದ ದಾರಿ ಬೇರೆ. ಇಂಜಿನ್ ಆಫ್ ಇರಲಿ, ಪೈಪಿನ ಬಾಯಿಗೆ ಧೂಳು ಊದುವ ಬ್ಲೋವರ್ ಹಿಡಿದು, ಪ್ರತಿ ಜಾಯಿಂಟಿಗೂ ಸೋಪಿನ ನೀರು ಹಚ್ಚಿ. ನೊರೆ ಉಬ್ಬಿದಲ್ಲಿ ಕಳ್ಳ ಸಿಕ್ಕಿದ.

ಪ್ಯಾಕಿಂಗ್ ಬದಲಿಸುವ ಹಿಂದಿನ ರಾತ್ರಿಯೇ ನಟ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿ. ಒಣ ನಟ್ಟಿಗೆ ಜೋರು ಮಾಡಿದರೆ ನಟ್ಟು ಕೂರುವ ಸ್ಟಡ್ಡೇ ಮುರಿದು ಬರುತ್ತದೆ, ಆಮೇಲೆ ಅದರದ್ದೇ ದೊಡ್ಡ ಕತೆ. ಎರಡೂ ಮುಖಗಳಲ್ಲಿ ಅಂಟಿದ ಹಳೇ ಪ್ಯಾಕಿಂಗನ್ನು ಪೂರ್ತಿ ಕೆರೆದು ತೆಗೆಯಿರಿ. ನಟ್ಟುಗಳನ್ನು ಒಂದಾದ ಮೇಲೊಂದರಂತೆ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಗಾಡಿ ಓಡಿಸಿ, ಮರುದಿನ ತಣ್ಣಗಾದ ಮೇಲೆ ಇನ್ನೊಮ್ಮೆ ಬಿಗಿಯಿರಿ. ಇದನ್ನು ಯಾರೂ ಮಾಡುವುದಿಲ್ಲ, ತಿಂಗಳಲ್ಲಿ ಮತ್ತೆ ಪಟಾಕಿ. ಹತ್ತು ನಿಮಿಷದಲ್ಲಿ ಗಟ್ಟಿಯಾಗುವ ಎರಡು ಬಣ್ಣದ ಜೇಡಿಯಂಥ ಅಂಟನ್ನು (ಎಪಾಕ್ಸಿ ಪುಟ್ಟಿ) ಮೆತ್ತಬೇಡಿ. ಅದು ನೀರಿನ ಟ್ಯಾಂಕಿಗೆ ಸರಿ, ಸೈಲೆನ್ಸರ್ ಬಿಸಿಗೆ ಉದುರುತ್ತದೆ.

ಇನ್ನು ಕರೆಂಟಿನ ಕಡೆ ನೋಡಿ: ಪ್ಲಗ್, ಪಾಯಿಂಟ್ (ತೆರೆದು ಮುಚ್ಚಿ ಕಿಡಿ ಹುಟ್ಟಿಸುವ ಸ್ವಿಚ್ಚು), ಕಂಡೆನ್ಸರ್ (ಪಾಯಿಂಟ್ ಸುಡದಂತೆ ಕಾಯುವ ಡಬ್ಬಿ), ಟೈಮಿಂಗ್ (ಕಿಡಿ ಬೀಳುವ ಹೊತ್ತು). ಪಾಯಿಂಟಿನ ಸಂದು ಅರ್ಧ ಮಿ.ಮೀ.ಗೆ ಸ್ವಲ್ಪ ಕಮ್ಮಿ ಇರಲಿ. ಕಿಡಿ ತಡವಾಗಿ ಬಿದ್ದರೂ ಉರಿಯುತ್ತಿರುವಾಗಲೇ ಹೊಗೆ ಹೊರಬಿದ್ದು ಸಿಡಿಯುತ್ತದೆ.

ಈಗ ಕಾರ್ಬೊರೇಟರ್. ಅದರ ಬುಡದ ಪ್ಯಾಕಿಂಗಿನಲ್ಲೂ ಗಾಳಿ ಸೋರಬಾರದು. ಇಂಜಿನ್ ಚೆನ್ನಾಗಿ ಬಿಸಿಯಾಗಲಿ, ಚೋಕ್ ಪೂರ್ತಿ ಒಳಗಿರಲಿ, ಅಂದರೆ ಆಫ್. ಪೆಟ್ರೋಲ್-ಗಾಳಿ ಬೆರಕೆ ಹೊಂದಿಸುವ ಮಿಕ್ಸ್ಚರ್ ಸ್ಕ್ರೂವನ್ನು ಕಾಲು ಕಾಲು ಸುತ್ತು ತಿರುಗಿಸುತ್ತಾ, ಇಂಜಿನ್ ಅತಿ ವೇಗವಾಗಿ, ಒಂದೇ ಸಮ ಓಡುವ ಜಾಗ ಹುಡುಕಿ. ಪದ್ಮಿನಿಯಲ್ಲಿ ಹೊರಗೆ ತಿರುಗಿಸಿದರೆ ಪೆಟ್ರೋಲ್ ಜಾಸ್ತಿ. ಪೂರ್ತಿ ಒಳಗೆ ಬಿಗಿದು ಕೂರಿಸಬೇಡಿ, ಸೂಜಿಯ ಮೊನೆಗೆ ಗೆರೆ ಬಿದ್ದರೆ ಆ ಸ್ಕ್ರೂ ಕಸಕ್ಕೆ.

ಇ20 ಪೆಟ್ರೋಲ್ (ಶೇ. 20 ಎಥನಾಲ್ ಬೆರೆತದ್ದು) ಹಾಕುತ್ತಿದ್ದರೆ ಇನ್ನೊಂದು ಕಾಲು ಸುತ್ತು ಹೊರಗೆ ಬೇಕಾಗಬಹುದು. ಎಥನಾಲಿನಲ್ಲೇ ಆಕ್ಸಿಜನ್ ಇರುತ್ತದೆ, ಹಾಗಾಗಿ ಗಾಳಿ ಜಾಸ್ತಿಯಾದಂತೆ ಆಗುತ್ತದೆ, ಅದನ್ನು ಸರಿದೂಗಿಸಲು ಹಳೇ ಗಾಡಿಯಲ್ಲಿ ಸೆನ್ಸರ್ ಇಲ್ಲ. ಅದೇ ಟ್ಯಾಂಕಿಗೆ ಬಾಟಲಿ ಔಷಧಿ ಸುರಿದರೆ ಗುಣವಾಗುತ್ತೆ ಅಂತ ಯಾರಾದರೂ ಹೇಳಿದರೆ ಆ ದುಡ್ಡಿಗೆ ಪ್ಯಾಕಿಂಗ್ ಕೊಳ್ಳಿ.

ಆಮೇಲೆ ಹತ್ತಿರದ ಒಂದು ಇಳಿಜಾರು ಹುಡುಕಿ. ಕಿಟಕಿ ಇಳಿಸಿ, ಮೂರನೇ ಗೇರಿನಲ್ಲಿ ಕಾಲು ತೆಗೆದು ಕೇಳಿ.