ಸೈಕಲ್ ಕ್ಲಬ್ಬಿನಲ್ಲಿ ನಿಯಮವೊಂದನ್ನು ಚರ್ಚೆಗೆ ತರುವ ಬಗೆ

ಸಂಸ್ಥೆಯ ನಿಯಮವನ್ನು ಸದಸ್ಯರು ಪ್ರಶ್ನಿಸಬಹುದೇ ಎಂಬ ಚರ್ಚೆ ಸಾಮಾನ್ಯವಾಗಿ ದಾರಿ ತಪ್ಪುವುದು, ಆ ನಿಯಮ ಯಾರದೆಂದು ಯಾರೂ ನೋಡದಿರುವುದರಿಂದ. ಬೆಂಗಳೂರಿನ ಕ್ಲಬ್ಬೊಂದು 200 ಕಿ.ಮೀ. ಬ್ರೆವೆ (ಗಡುವಿನೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿ) ನಡೆಸಿತು ಎಂದಿಟ್ಟುಕೊಳ್ಳಿ. ದಾರಿ 206 ಕಿ.ಮೀ. ಇತ್ತು, ಒಬ್ಬರು 13 ಗಂಟೆ 34 ನಿಮಿಷಕ್ಕೆ ಗುರಿ ಮುಟ್ಟಿದರು. ಗಡುವು 13 ಗಂಟೆ 30 ನಿಮಿಷ. ದಾರಿ ಉದ್ದವಾಯಿತೆಂದು ಅದು ಹಿಗ್ಗುವುದಿಲ್ಲ. ಸಭೆಯಲ್ಲಿ ಗದ್ದಲವೇಳಲು ಇಷ್ಟು ಸಾಕು.

ಮೊದಲು ನಿಯಮದ ಮೂಲ ಪಠ್ಯವನ್ನು ಮುದ್ರಿಸಿ ಎಲ್ಲರ ಕೈಗೂ ಕೊಡಿ. ಗಡುವು, ಬ್ರೆವೆಗಳ ನಿಯಮ ಮಾಡುವ ಪ್ಯಾರಿಸ್ಸಿನ ಸಂಸ್ಥೆ, 1904ರಲ್ಲಿ ಹುಟ್ಟಿದ ಆಡಾಕ್ಸ್ ಕ್ಲಬ್ ಪ್ಯಾರಿಸಿಯನ್ನದು. ಅದರೊಡನೆ ಭಾರತದ ವ್ಯವಹಾರ ನಡೆಯುವುದು ಆಡಾಕ್ಸ್ ಇಂಡಿಯಾ ರಾಂಡೋನರ್ಸ್ ಮೂಲಕ. ಆದರೆ ಹೆಚ್ಚುವರಿ 6 ಕಿ.ಮೀ. ನಮ್ಮ ಕ್ಲಬ್ಬೇ ಹಾಕಿದ ದಾರಿಯಿಂದ ಬಂದದ್ದು. ಪ್ಯಾರಿಸ್‌ಗೆ ಬರೆಯಲು ಹೊರಟ ದೂರು ಹೀಗೆ ಎಷ್ಟೋ ಸಲ ಮನೆಬಾಗಿಲಲ್ಲೇ ಬಗೆಹರಿಯುತ್ತದೆ.

ಅನಂತರ ಚರ್ಚೆಯ ವಿಷಯವನ್ನು ಒಂದೇ ವಾಕ್ಯದಲ್ಲಿ, ಒಂದೇ ನಿಯಮಕ್ಕೆ ಸೀಮಿತವಾಗಿ ಬರೆಯಿರಿ. ನಿಯಮದ ಪರವಾಗಿ ಮಾತನಾಡುವ ಹೊಣೆಯನ್ನು ಅದನ್ನು ಒಪ್ಪದವರಿಗೇ ವಹಿಸುವುದು ನನಗೆ ಮೆಚ್ಚುಗೆಯಾದ ಕ್ರಮ, ಏಕೆಂದರೆ ಎದುರಾಳಿಯ ಕಾರಣವನ್ನು ತಾನೇ ಹೇಳಬೇಕಾದವನು ಅದನ್ನು ಹಗುರವಾಗಿ ತಳ್ಳಿಹಾಕಲಾರ.

ಇಂಗ್ಲೆಂಡಿನ ಸೈಕಲ್ ಓಟಗಾರ ಪರ್ಸಿ ಸ್ಟಾಲಾರ್ಡ್ ಪ್ರಕರಣವನ್ನು ಸಭೆಯ ಮುಂದಿಡುವುದೂ ಒಳ್ಳೆಯದು. ಸಾರ್ವಜನಿಕ ರಸ್ತೆಯಲ್ಲಿ ಗುಂಪಾಗಿ ಹೊರಡುವ ಓಟವನ್ನು ಅಲ್ಲಿನ ರಾಷ್ಟ್ರೀಯ ಸೈಕಲ್ ಒಕ್ಕೂಟ ನಿಷೇಧಿಸಿತ್ತು. ಅಂಥ ಓಟಗಳಿಂದಾಗಿ ಸೈಕಲ್ಲನ್ನೇ ರಸ್ತೆಯಿಂದ ಹೊರಹಾಕಿಯಾರೆಂಬುದು ಅದರ ಭಯ. ಸ್ಟಾಲಾರ್ಡ್ ಪೊಲೀಸರ ಒಪ್ಪಿಗೆ ಪಡೆದು, 1942ರ ಜೂನ್‌ನಲ್ಲಿ ಲಾಂಗೊಲೆನ್‌ನಿಂದ ವುಲ್ವರ್‌ಹ್ಯಾಂಪ್ಟನ್‌ಗೆ ಓಟ ನಡೆಸಿದರು. ಒಕ್ಕೂಟ ಅವರನ್ನು ಹೊರಗಿಟ್ಟಿತು, ಅವರು ಬೇರೊಂದು ಲೀಗ್ ಕಟ್ಟಿದರು. ಎರಡೂ ಒಂದಾದದ್ದು 1959ರಲ್ಲಿ. ಅವರು ಮಾಡಿದ್ದು ಸರಿಯೆಂದೇ ನನ್ನ ಮತ, ಆದರೆ ಸಂಘವೊಂದು ಹದಿನೇಳು ವರ್ಷ ಒಡೆದ ಮನೆಯಾಗಿರಲು ಸಿದ್ಧವೇ ಎಂದೂ ಕೇಳಿಕೊಳ್ಳಬೇಕು.

ಪ್ರಶ್ನಿಸುವುದು ಬೇರೆ, ಮೀರುವುದು ಬೇರೆ. ಆರಂಭದ ಗೆರೆಯಲ್ಲಿ, ಹೆಲ್ಮೆಟ್ ಪಟ್ಟಿ ಬಿಗಿಯುವ ಹೊತ್ತಿನಲ್ಲಿ ವಾದಕ್ಕಿಳಿಯುವವರನ್ನು ಸಭೆಯ ದಿನಾಂಕ ಹೇಳಿ ಸುಮ್ಮನಾಗಿಸಿ. ಸಭೆಯ ನಿರ್ಣಯವನ್ನು, ಅಲ್ಪಮತದವರ ಕಾರಣಗಳ ಸಮೇತ, ನಿಯಮ ಯಾರದೋ ಅವರಿಗೆ ಒಂದು ಪುಟದೊಳಗೆ ಕಳುಹಿಸಿ. ಉತ್ತರ ಬರುವವರೆಗೆ ನಾಲ್ಕು ನಿಮಿಷ ತಡವಾದವರ ಬ್ರೆವೆ ಕಾರ್ಡಿಗೆ, ಅಂದರೆ ಸವಾರಿಯ ದಾಖಲೆಗೆ, ಮಾನ್ಯತೆಯಿಲ್ಲ. ಆದರೆ ಸಭೆಯಲ್ಲಿ ಮೊದಲ ಮಾತು ಅವರದೇ ಆಗಲಿ.