ರಕ್ಷಣಾ ಆದೇಶ: ಕೇಳುವುದು ಹೇಗೆ, ಸಿಕ್ಕ ಮೇಲೆ ಬಳಸುವುದು ಹೇಗೆ

ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ ಬಂದದ್ದು 2005ರಲ್ಲಿ, ಜಾರಿಯಾದದ್ದು 2006ರ ಅಕ್ಟೋಬರ್ 26ರಂದು. ಕೋರ್ಟಿನ ಕಡೆ ಎಲ್ಲರ ಬಾಯಲ್ಲೂ ಇದು ‘ಡಿ.ವಿ. ಕೇಸು’. ಇದನ್ನು ಹಳೆಯ ಭಾರತೀಯ ದಂಡ ಸಂಹಿತೆಯ 498ಎ ಜೊತೆ ಬೆರೆಸಬೇಡಿ. 498ಎ, ಅಂದರೆ ಈಗಿನ ಭಾರತೀಯ ನ್ಯಾಯ ಸಂಹಿತೆಯ ಕಲಂ 85, ಆಗಿಹೋದ ಕ್ರೌರ್ಯಕ್ಕೆ ಶಿಕ್ಷೆ ಕೇಳುವ ಕ್ರಿಮಿನಲ್ ಕೇಸು. ಡಿ.ವಿ. ಅರ್ಜಿಯಲ್ಲಿ ಕೇಳುವುದು ಇನ್ನು ಮುಂದೆ ಆಗದಂತೆ ತಡೆಯನ್ನು. ಆ ತಡೆಗೇ ಕಲಂ 18ರಲ್ಲಿ ರಕ್ಷಣಾ ಆದೇಶ ಎಂದು ಹೆಸರು. ಎದುರುದಾರ, ಅಂದರೆ ಯಾರ ಮೇಲೆ ಅರ್ಜಿಯೋ ಅವನು, ಆ ಆದೇಶವನ್ನು ಮುರಿದಾಗ ಮಾತ್ರ ಅಪರಾಧವಾಗುತ್ತದೆ. ಎರಡೂ ದಾರಿಗಳನ್ನು ಒಟ್ಟಿಗೆ ಹಿಡಿಯಲು ಅಡ್ಡಿಯೇನಿಲ್ಲ.

ಹೆಂಡತಿ ಮಾತ್ರವಲ್ಲ, ತಾಯಿ, ಮಗಳು, ಅಕ್ಕತಂಗಿ, ವಿಧವೆ, ಮದುವೆಯಂಥ ಸಂಬಂಧದಲ್ಲಿ ಒಂದೇ ಸೂರಿನಡಿ ಬಾಳಿದವಳು, ಎಲ್ಲರೂ ಅರ್ಜಿ ಹಾಕಬಹುದು. ಮೈಮೇಲೆ ಗಾಯವೇ ಇರಬೇಕಿಲ್ಲ. ಬೆದರಿಕೆ, ಅವಮಾನ, ಲೈಂಗಿಕ ಬಲವಂತ, ಮನೆಖರ್ಚಿಗೆ ಕಾಸು ಕೊಡದಿರುವುದು, ಕೇಳದೆ ಒಡವೆ ಮಾರುವುದು ಎಲ್ಲವೂ ಕಲಂ 3ರಲ್ಲಿ ಬರುತ್ತವೆ. ದೌರ್ಜನ್ಯ ಆಗುವ ಸಂಭವವಿದೆ ಎಂದು ಮೇಲ್ನೋಟಕ್ಕೆ ಕಂಡುಬಂದರೂ ಮ್ಯಾಜಿಸ್ಟ್ರೇಟರು ಆದೇಶ ಕೊಡಬಹುದು.

ಈಗಲೇ ಅಪಾಯವಿದ್ದರೆ ಮೊದಲು 112ಕ್ಕೋ 181ಕ್ಕೋ ಕರೆ ಮಾಡಿ, ಕಾಗದಪತ್ರ ಆಮೇಲೆ. ಹಿಂಸೆ ನಡೆಯುತ್ತಿದೆ ಎಂದು ಫೋನಿನಲ್ಲಿ ಖಚಿತ ಮಾಹಿತಿ ಸಿಕ್ಕರೂ ಈ ಕಾಯ್ದೆಯಡಿ ನೇಮಕವಾದ ಸಂರಕ್ಷಣಾಧಿಕಾರಿ ಪೊಲೀಸರೊಂದಿಗೆ ಸ್ಥಳಕ್ಕೆ ಹೋಗಬೇಕು ಎನ್ನುತ್ತವೆ 2006ರ ನಿಯಮಗಳು. ಕರ್ನಾಟಕದ ತಾಲ್ಲೂಕುಗಳಲ್ಲಿ ಈ ಹೊಣೆ ಸಿಡಿಪಿಒ, ಅಂದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿಯದು. ಅವರು ನಮೂನೆ 1ರಲ್ಲಿ ಕೌಟುಂಬಿಕ ಘಟನಾ ವರದಿ ಬರೆದು ಮ್ಯಾಜಿಸ್ಟ್ರೇಟರಿಗೆ ಕಳಿಸುತ್ತಾರೆ. ನಮೂನೆ 2ರಲ್ಲಿ ಕಲಂ 12ರ ಅರ್ಜಿ ತುಂಬಲೂ ನೆರವಾಗುತ್ತಾರೆ. ‘ವರದಿ ಬಂದಿಲ್ಲ, ಅರ್ಜಿ ತೆಗೆದುಕೊಳ್ಳುವುದಿಲ್ಲ’ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ನೇರವಾಗಿ ಹಾಕಿದ ಅರ್ಜಿಯಲ್ಲೂ, ಆ ವರದಿ ಇಲ್ಲದಿದ್ದರೂ, ಆದೇಶ ಕೊಡಬಹುದೆಂದು ಸುಪ್ರೀಂ ಕೋರ್ಟ್ 2022ರ ಪ್ರಭಾ ತ್ಯಾಗಿ ಪ್ರಕರಣದಲ್ಲಿ ಹೇಳಿದೆ. ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಮಹಿಳೆಯರಿಗೆ ಅಲ್ಲಿ ಆದಾಯದ ಮಿತಿಯಿಲ್ಲ. ಸಹಾಯವಾಣಿ 15100.

ಯಾವ ಊರಿನ ಕೋರ್ಟು? ಗಂಡನ ಊರಿಗೇ ಹೋಗಬೇಕಿಲ್ಲ. ತವರಿನಲ್ಲಿ ತಾತ್ಕಾಲಿಕವಾಗಿ ಇದ್ದರೂ, ಬೇರೆ ಊರಲ್ಲಿ ಕೆಲಸದಲ್ಲಿದ್ದರೂ ಅಲ್ಲಿನ ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ ಹಾಕಬಹುದು, ಮತ್ತು ಆದೇಶ ಇಡೀ ದೇಶಕ್ಕೆ ಅನ್ವಯಿಸುತ್ತದೆ. ಅರ್ಜಿಯ ಪ್ರತಿ ಎದುರುದಾರನ ಕೈಗೂ ಹೋಗುವುದರಿಂದ, ಈಗ ಇರುವ ಜಾಗ ಅವನಿಗೆ ಗೊತ್ತಾಗಬಾರದು ಎಂದಿದ್ದರೆ ವಿಳಾಸ ಬರೆಯುವ ಮುನ್ನವೇ ವಕೀಲರಿಗೂ ಸಂರಕ್ಷಣಾಧಿಕಾರಿಗೂ ಹೇಳಿ.

ಒಕ್ಕಣೆಯಲ್ಲೇ ಇದೆ ಎಲ್ಲ

ತುರ್ತು ಆದೇಶ ತಪ್ಪಿಹೋಗುವುದು ಹೆಚ್ಚಾಗಿ ಒಂದೇ ಕಾರಣಕ್ಕೆ: ಮುಖ್ಯ ಅರ್ಜಿ ಹಾಕಿರುತ್ತಾರೆ, ಕಲಂ 23ರ ಮಧ್ಯಂತರ ಅರ್ಜಿ ಹಾಕಿರುವುದಿಲ್ಲ. ಮೊದಲ ವಿಚಾರಣೆ ಸಾಮಾನ್ಯವಾಗಿ 3 ದಿನದೊಳಗೆ, ಇತ್ಯರ್ಥ 60 ದಿನದೊಳಗೆ ಎಂದು ಕಾಯ್ದೆ ಹೇಳುತ್ತದೆ. ವಾಸ್ತವದಲ್ಲಿ ವಾಯಿದೆಯ ಮೇಲೆ ವಾಯಿದೆ. ಎದುರುದಾರನ ಮಾತು ಕೇಳುವ ಮೊದಲೇ ಏಕಪಕ್ಷೀಯವಾಗಿ ತಡೆ ಬೇಕಾದರೆ ನಮೂನೆ 3ರ ಪ್ರಮಾಣಪತ್ರವನ್ನು ಮೊದಲ ದಿನವೇ ಜೊತೆಗಿಡಿ. ಅದರಲ್ಲಿ ‘ಮದುವೆಯಾದಾಗಿನಿಂದ ಹಿಂಸೆ’ ಎಂಬ ಒಂದು ಸಾಲು ಸಾಲದು. ಈಚೆಗಿನ ಘಟನೆಯನ್ನು ಮೊದಲು ಬರೆಯಿರಿ: ತಾರೀಖು, ಹೊತ್ತು, ಜಾಗ, ಆಡಿದ ಮಾತು, ಯಾರಿದ್ದರು, ಆಮೇಲೆ ಯಾವ ಆಸ್ಪತ್ರೆ. ಇವತ್ತೇ ಆದೇಶ ಏಕೆ ಬೇಕು ಎಂಬುದು ಆ ಪುಟದಲ್ಲಿ ಕಾಣಬೇಕು.

ಇನ್ನು ಏನು ಕೇಳಬೇಕು. ‘ಎದುರುದಾರರು ಅರ್ಜಿದಾರಳಿಗೆ ತೊಂದರೆ ಕೊಡಬಾರದು’ ಎಂದಷ್ಟೇ ಕೇಳಿದರೆ ಅಷ್ಟೇ ಸಿಗುತ್ತದೆ. ನಾಳೆ ಅವನು ಆಫೀಸಿನ ಗೇಟಿನ ಮುಂದೆ ಬಂದು ಸುಮ್ಮನೆ ನಿಂತರೆ, ಅದು ತೊಂದರೆಯೋ ಅಲ್ಲವೋ ಎಂದು ಠಾಣೆಯಲ್ಲಿ ಚರ್ಚೆ ಶುರುವಾಗುತ್ತದೆ. ಅದರ ಬದಲು ಹೀಗೆ ಕೇಳಿ: ‘ಎದುರುದಾರನು ಈ ವಿಳಾಸದ ಮನೆ, ಈ ವಿಳಾಸದ ಕೆಲಸದ ಸ್ಥಳ ಮತ್ತು ಮಗು ಓದುವ ಈ ಶಾಲೆಯ ಆವರಣವನ್ನು ಪ್ರವೇಶಿಸಕೂಡದು, ಅವುಗಳ ಬಾಗಿಲಲ್ಲಿ ಕಾದು ನಿಲ್ಲಕೂಡದು, ಕರೆ, ವಾಟ್ಸಾಪ್, ಇಮೇಲ್, ಪತ್ರದ ಮೂಲಕವಾಗಲಿ, ಮೂರನೆಯವರ ಮೂಲಕವಾಗಲಿ ಅರ್ಜಿದಾರಳನ್ನು ಸಂಪರ್ಕಿಸಕೂಡದು, ಆಕೆಯ ತಂದೆತಾಯಿಗೂ ನೆರವಾದವರಿಗೂ ಹಿಂಸೆ ಕೊಡಕೂಡದು, ಜಂಟಿ ಖಾತೆ, ಲಾಕರ್ ಮತ್ತು ಸ್ತ್ರೀಧನವನ್ನು ಕೋರ್ಟಿನ ಅನುಮತಿಯಿಲ್ಲದೆ ಮುಟ್ಟಕೂಡದು.’ ಇದರಲ್ಲಿ ಹೆಚ್ಚಿನವು ಕಲಂ 18ರ ಪಟ್ಟಿಯಲ್ಲೇ ಇವೆ. ಪಟ್ಟಿಯಲ್ಲಿಲ್ಲದ್ದನ್ನೂ ‘ಇತರ ಯಾವುದೇ ಕೃತ್ಯ’ ಎಂಬ ಕೊನೆಯ ಖಂಡದಡಿ ಕೇಳಬಹುದು. ಮಗುವನ್ನು ತಂದೆ ನೋಡಲು ಬರುವ ಏರ್ಪಾಡಿದ್ದರೆ ಎಲ್ಲಿ, ಯಾವ ಹೊತ್ತಿಗೆ, ಯಾರ ಮುಂದೆ ಎಂಬುದನ್ನೂ ಬರೆಸಿ. ಇಲ್ಲವಾದರೆ ಅದೇ ನೆಪವಾಗುತ್ತದೆ.

ಮನೆಯ ವಿಷಯ ಕಲಂ 19ರದು: ಹೊರಹಾಕದಂತೆ ತಡೆ, ಎದುರುದಾರ ಮನೆ ಬಿಡುವಂತೆ ಆದೇಶ, ಅಥವಾ ಅದೇ ಮಟ್ಟದ ಬೇರೆ ಮನೆಗೆ ಬಾಡಿಗೆ. ಮನೆ ಬಿಟ್ಟು ಹೋಗು ಎಂಬ ಆದೇಶವನ್ನು ಹೆಂಗಸರ ಮೇಲೆ ಕೊಡುವಂತಿಲ್ಲ, ಹಾಗಾಗಿ ಅತ್ತೆಯನ್ನು ಹೊರಗೆ ಕಳಿಸಿ ಎಂದು ಕೇಳಿ ಪ್ರಯೋಜನವಿಲ್ಲ. ಮನೆ ಅತ್ತೆ ಮಾವನ ಹೆಸರಿನಲ್ಲಿದೆ ಎಂಬ ಒಂದೇ ಕಾರಣಕ್ಕೆ ಸೊಸೆಯ ವಾಸದ ಹಕ್ಕು ಬಿದ್ದುಹೋಗುವುದಿಲ್ಲ. 2020ರ ಸತೀಶ್ ಚಂದರ್ ಅಹುಜಾ ತೀರ್ಪು ನೋಡಿ. ಜೀವನಾಂಶ ಕಲಂ 20ರದು. ಅದಕ್ಕೆ ಎರಡೂ ಕಡೆಯವರು ಆಸ್ತಿ ಮತ್ತು ಹೊಣೆಗಳ ಪ್ರಮಾಣಪತ್ರ ಕೊಡಬೇಕು.

ಆದೇಶ ಮುರಿದರೆ ಶಿಕ್ಷೆ ವಿಧಿಸುವ ಕಲಂ 31 ಹೆಸರಿಸುವುದು ‘ರಕ್ಷಣಾ ಆದೇಶ ಅಥವಾ ಮಧ್ಯಂತರ ರಕ್ಷಣಾ ಆದೇಶ’ವನ್ನು. ಆದ್ದರಿಂದ ಮನೆಯಿಂದ ಹೊರಹಾಕಬಾರದು, ಬೀಗ ಬದಲಿಸಬಾರದು ಎಂಬುದನ್ನು ಕಲಂ 19ರ ಜೊತೆಗೆ 18ರಡಿಯೂ ಕೇಳುವುದು ಜಾಣತನ. ಜೀವನಾಂಶ ಬಾಕಿಯಾದರೆ ಬೇರೆ ದಾರಿಗಳಿವೆ: ಸಂಬಳದಿಂದಲೇ ಕಡಿದು ಕೊಡುವಂತೆ ಮಾಲೀಕರಿಗೆ ನಿರ್ದೇಶನ ಕೇಳಬಹುದು, ವಸೂಲಿ ಅರ್ಜಿ ಹಾಕಬಹುದು.

ಪುರಾವೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಗಾಯದ ಪ್ರಮಾಣಪತ್ರ, ಫೋಟೊ, ಠಾಣೆಯ ಹಿಂಬರಹ, ಬ್ಯಾಂಕ್ ಪಾಸ್‌ಬುಕ್. ವಾಟ್ಸಾಪ್ ಸಂದೇಶಗಳ ಮುದ್ರಿತ ಪ್ರತಿಗೆ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರ ಬೇಕು. ಮೂಲ ಫೋನನ್ನು ಮಾರಬೇಡಿ, ರೀಸೆಟ್ ಮಾಡಬೇಡಿ.

ನೋಟಿಸಿನ ಕಾಟ

ನೋಟಿಸ್ ಜಾರಿಗೆ ಕಾಯ್ದೆ ಕೊಟ್ಟಿರುವುದು 2 ದಿನ, ಅಥವಾ ಕೋರ್ಟು ಕೊಡುವ ಸಮಂಜಸ ಸಮಯ. ಎಷ್ಟೋ ಕೇಸುಗಳು ಇಲ್ಲೇ ಮಲಗುತ್ತವೆ. 2016ರ ಹಿರಾಲ್ ಹರ್ಸೋರಾ ತೀರ್ಪಿನ ನಂತರ ಹೆಂಗಸರನ್ನೂ ಎದುರುದಾರರನ್ನಾಗಿ ಮಾಡಬಹುದು, ನಿಜ. ಹಾಗೆಂದು ಲಗ್ನಪತ್ರಿಕೆಯಲ್ಲಿದ್ದವರನ್ನೆಲ್ಲ ಸೇರಿಸಿದರೆ ಊರೂರಿಗೆ ನೋಟಿಸ್ ಹೋಗಬೇಕು, ಒಬ್ಬರಿಗೆ ಮುಟ್ಟದಿದ್ದರೂ ಮುಂದಿನ ವಾಯಿದೆ. ಹಿಂಸೆ ಕೊಟ್ಟವರನ್ನು, ಯಾರಿಂದ ತಡೆ ಬೇಕೋ ಅವರನ್ನು ಮಾತ್ರ ಹೆಸರಿಸಿ. ಮನೆಯ ವಿಳಾಸದ ಜೊತೆ ಕೆಲಸದ ವಿಳಾಸವನ್ನೂ ಕೊಡಿ. ತೆಗೆದುಕೊಳ್ಳುವವರಿಲ್ಲದಿದ್ದರೆ ಬಾಗಿಲಿಗೆ ಅಂಟಿಸಲು ನಿಯಮದಲ್ಲೇ ಅವಕಾಶವಿದೆ, ಅದನ್ನು ಕೇಳಿ.

ಆದೇಶವಾದ ದಿನ

ಪ್ರತಿಗೆ ಕಾಸು ಕೊಡಬೇಕಿಲ್ಲ. ಕಲಂ 24ರ ಪ್ರಕಾರ ಅರ್ಜಿದಾರಳಿಗೂ ಎದುರುದಾರನಿಗೂ ಠಾಣಾಧಿಕಾರಿಗೂ ಕೋರ್ಟೇ ಉಚಿತವಾಗಿ ಪ್ರತಿ ಕೊಡಬೇಕು. ಆದರೂ ಠಾಣೆಗೆ ಪ್ರತಿ ತಲುಪಿತು ಎಂದು ನಂಬಿ ಕೂರಬೇಡಿ. ನೀವೇ ಒಂದು ಪ್ರತಿ ಒಯ್ದು ಕೊಟ್ಟು, ಇನ್ನೊಂದರ ಮೇಲೆ ಸೀಲು, ಸಹಿ, ತಾರೀಖು ಹಾಕಿಸಿಕೊಳ್ಳಿ. ಶಾಲೆಗೂ ಆಫೀಸಿನ ಭದ್ರತಾ ಸಿಬ್ಬಂದಿಗೂ ಒಂದೊಂದು ಪ್ರತಿ ಇರಲಿ.

ಅವನು ಆದೇಶ ಮುರಿದರೆ ಬರಹದಲ್ಲಿ ದೂರು ಕೊಡಿ, ಆದೇಶದ ಯಾವ ಸಾಲು ಮುರಿಯಿತು ಎಂದು ಅದರಲ್ಲೇ ತೋರಿಸಿ. ‘ಅದು ಕೋರ್ಟಿನ ವಿಷಯ ಕಣಮ್ಮ, ಅಲ್ಲೇ ನೋಡ್ಕೊಳ್ಳಿ’ ಎಂಬ ಮಾತು ಕೇಳಿಬರಬಹುದು. ಕಲಂ 32ರ ಪ್ರಕಾರ ಇದು ಪೊಲೀಸರು ನೇರವಾಗಿ ಕೈಗೆತ್ತಿಕೊಳ್ಳಬೇಕಾದ, ಜಾಮೀನುರಹಿತ ಅಪರಾಧ. 1 ವರ್ಷದವರೆಗೆ ಸೆರೆ, 20,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ನೊಂದವಳ ಒಬ್ಬಳ ಸಾಕ್ಷ್ಯದ ಮೇಲೆಯೇ ಕೋರ್ಟು ತೀರ್ಮಾನಕ್ಕೆ ಬರಬಹುದು. ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ ಎಸ್‌ಪಿಗೆ ಅಂಚೆಯಲ್ಲಿ ಕಳಿಸಿ. ಸಂರಕ್ಷಣಾಧಿಕಾರಿಯ ಮೂಲಕವೋ ನೇರವಾಗಿಯೋ ಆದೇಶ ಕೊಟ್ಟ ಮ್ಯಾಜಿಸ್ಟ್ರೇಟರಿಗೂ ದೂರು ಕೊಡಬಹುದು. ತಡೆ ಇರುವುದು ಅವನ ಮೇಲಾದರೂ, ಅವನಿಗೆ ನೀವಾಗಿಯೇ ಕರೆ ಮಾಡಿ ಮಾತಾಡುತ್ತಿದ್ದರೆ ಆ ಕರೆಪಟ್ಟಿಯನ್ನು ಅವನ ವಕೀಲರು ಪಾಟೀಸವಾಲಿನಲ್ಲಿ ಮುಂದಿಡುತ್ತಾರೆ.

ಹಿರಿಯರು ಕೂತು ರಾಜಿ ಮಾಡಿಸಿದಾಗ ‘ಕೇಸು ವಾಪಸ್ ತಗೋ’ ಎನ್ನುವುದೇ ಮೊದಲ ಷರತ್ತು. ಅವಸರ ಬೇಡ. ಆದೇಶಕ್ಕೆ ಗಡುವಿಲ್ಲ, ಅದು ಬೇಡವೆಂದು ನೀವೇ ಅರ್ಜಿ ಕೊಡುವವರೆಗೆ, ಅಥವಾ ಪರಿಸ್ಥಿತಿ ಬದಲಾಗಿದೆಯೆಂದು ಕಾರಣ ದಾಖಲಿಸಿ ಕೋರ್ಟು ಮಾರ್ಪಡಿಸುವವರೆಗೆ ಜಾರಿಯಲ್ಲಿರುತ್ತದೆ. ಜೊತೆಗೆ ಬಾಳಿ ನೋಡುವ ಮನಸ್ಸಿದ್ದರೆ ಮನೆಗೆ ಹೋಗಿ, ‘ಹಿಂಸೆ ಮಾಡಕೂಡದು’ ಎಂಬ ಭಾಗ ಉಳಿಯಲಿ, ‘ಸಂಪರ್ಕಿಸಕೂಡದು’ ಎಂಬ ಭಾಗವನ್ನು ಮಾತ್ರ ತೆಗೆಸಿ. ಅರ್ಜಿ ವಜಾ ಆದರೆ, ಆದೇಶ ತಲುಪಿದ 30 ದಿನದೊಳಗೆ ಸೆಷನ್ಸ್ ಕೋರ್ಟಿಗೆ ಮೇಲ್ಮನವಿ ಹಾಕಬೇಕು.