ಚೊಚ್ಚಲ ಬಸಿರಿನ ನಡುವಿನ ತಿಂಗಳುಗಳು: ಹೆರಿಗೆ ಎಲ್ಲಿ ಎಂಬುದನ್ನು ಈಗಲೇ ತೀರ್ಮಾನಿಸಿ

ನಾಲ್ಕನೆಯ ತಿಂಗಳು ಕಳೆಯುತ್ತಿದ್ದಂತೆ ಹೆಚ್ಚಿನ ಗರ್ಭಿಣಿಯರಿಗೆ ವಾಂತಿ, ಸಂಕಟ ತಗ್ಗಿ ಊಟ ರುಚಿಸತೊಡಗುತ್ತದೆ. ಹೊಟ್ಟೆಯ ಭಾರ ಇನ್ನೂ ಓಡಾಟಕ್ಕೆ ಅಡ್ಡಿಯಾಗುವಷ್ಟು ಬೆಳೆದಿರುವುದಿಲ್ಲ. ಸುಮಾರು 14ನೇ ವಾರದಿಂದ 28ನೇ ವಾರದವರೆಗಿನ ಈ ಅವಧಿಯಲ್ಲಿ ಸೀಮಂತದ ದಿನ, ಸೀರೆ, ಮಗುವಿನ ಹೆಸರು ಇವೆಲ್ಲದರ ಬಗ್ಗೆ ಮನೆಯಲ್ಲಿ ಮಾತು ನಡೆಯುತ್ತದೆ, ನಡೆಯಲೂ ಬೇಕು. ಆದರೆ ಮೊದಲು ಬಗೆಹರಿಯಬೇಕಾದ ವಿಷಯ ಒಂದೇ: ಹೆರಿಗೆ ಯಾವ ಊರಿನಲ್ಲಿ, ಯಾವ ಆಸ್ಪತ್ರೆಯಲ್ಲಿ ಆಗಬೇಕು. ಮಿಕ್ಕ ತಯಾರಿಯೆಲ್ಲ ಈ ತೀರ್ಮಾನದ ಬೆನ್ನಿಗೇ ಬರುತ್ತದೆ.

ಚೊಚ್ಚಲ ಹೆರಿಗೆ ತವರಿನಲ್ಲಿ ಎಂಬ ರೂಢಿ ನಮ್ಮಲ್ಲಿ ಇಂದಿಗೂ ಗಟ್ಟಿಯಾಗಿದೆ. ಸೀಮಂತವೋ ಕುಬಸವೋ ಮುಗಿದ ಮೇಲೆ ಏಳರಲ್ಲಿ ಅಥವಾ ಒಂಬತ್ತರಲ್ಲಿ ಮಗಳನ್ನು ಕರೆದೊಯ್ಯುತ್ತಾರೆ. ಹೆತ್ತ ತಾಯಿಯ ಆರೈಕೆಯಲ್ಲಿ ಬಾಣಂತನ ಆಗುವುದು ಒಳ್ಳೆಯದೇ, ಅದನ್ನು ಬಿಡಿ ಎಂದು ನಾನು ಹೇಳುವುದಿಲ್ಲ. ತೊಂದರೆ ಇರುವುದು ಬೇರೆ ಕಡೆ. ಆರು ತಿಂಗಳು ಬೆಂಗಳೂರಿನ ವೈದ್ಯರು ನೋಡಿಕೊಂಡ ಗರ್ಭಿಣಿ ಏಳನೆಯ ತಿಂಗಳಿನಲ್ಲಿ ಶಿರಸಿಗೋ ಸಿಂಧನೂರಿಗೋ ಹೋದಾಗ, ಅಲ್ಲಿನ ವೈದ್ಯರಿಗೆ ಅವಳ ಹಿಂದಿನ ತಿಂಗಳುಗಳ ವಿವರ ಏನೂ ತಿಳಿದಿರುವುದಿಲ್ಲ. ಮಾಡಿಸಬೇಕಾದ ಕೆಲವು ಪರೀಕ್ಷೆಗಳು, ಕೊಡಿಸಬೇಕಾದ ಕೆಲವು ಚುಚ್ಚುಮದ್ದುಗಳು ಸರಿಯಾಗಿ ಅದೇ ಹೊತ್ತಿಗೆ ಬೀಳುವುದರಿಂದ, ಇಲ್ಲಿಯವರು ಅಲ್ಲಿ ಆದೀತೆಂದೂ ಅಲ್ಲಿಯವರು ಇಲ್ಲಿ ಆಗಿರಬೇಕೆಂದೂ ಭಾವಿಸಿ ಎರಡೂ ಕಡೆ ತಪ್ಪಿಹೋಗುತ್ತವೆ.

ಹಾಗಾಗಿ ತವರಿನಲ್ಲಿಯೇ ಹೆರಿಗೆ ಎಂದು ನಿಶ್ಚಯಿಸಿದ್ದರೆ, ಐದನೆಯ ಅಥವಾ ಆರನೆಯ ತಿಂಗಳಿನಲ್ಲಿ, ಈಗ ನೋಡುತ್ತಿರುವ ವೈದ್ಯರ ಒಪ್ಪಿಗೆ ಪಡೆದು, ಒಮ್ಮೆ ಅಲ್ಲಿಗೆ ಹೋಗಿ ಆಸ್ಪತ್ರೆಯನ್ನು ಕಣ್ಣಾರೆ ನೋಡಿ ಹೆಸರು ಬರೆಸಿ ಬನ್ನಿ. ತೊಡಕುಗಳಿಲ್ಲದ ಬಸಿರಿನಲ್ಲಿ ಪ್ರಯಾಣಕ್ಕೆ ಹೆಚ್ಚು ಅನುಕೂಲವಾದ ಕಾಲವೂ ಇದೇ. ಕಾರಿನಲ್ಲಿ ಹೋಗುವಾಗ ಸೀಟ್ ಬೆಲ್ಟಿನ ಕೆಳಪಟ್ಟಿ ಹೊಟ್ಟೆಯ ಮೇಲೆ ಬರದೆ ಅದರ ಕೆಳಗೆ, ಸೊಂಟದ ಮೂಳೆಗಳ ಮೇಲೆ ಇರಲಿ. ಒಂದೆರಡು ಗಂಟೆಗೊಮ್ಮೆ ಇಳಿದು ನಾಲ್ಕು ಹೆಜ್ಜೆ ನಡೆಯಿರಿ. ರೈಲಿನಲ್ಲಾದರೆ ಗರ್ಭಿಣಿಯರಿಗೆ ಕೆಳಗಿನ ಬರ್ತ್‌ನ ಕೋಟಾ ಇದೆ. ಟಿಕೆಟ್ ಮಾಡಿಸುವಾಗಲೇ ವೈದ್ಯರ ಪ್ರಮಾಣಪತ್ರ ಕೈಯಲ್ಲಿರಲಿ.

ಆಸ್ಪತ್ರೆಯಲ್ಲಿ ಕೇಳಬೇಕಾದ ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳಬೇಕು. ರಾತ್ರಿ ಎರಡು ಗಂಟೆಗೆ ಸಿಸೇರಿಯನ್ ಬೇಕಾದರೆ ಅರಿವಳಿಕೆ ತಜ್ಞರು ಸಿಗುತ್ತಾರೆಯೇ? ರಕ್ತ ಅಲ್ಲಿಯೇ ಇದೆಯೇ, ಬೇರೆ ಊರಿನಿಂದ ತರಬೇಕೇ? ಹೆರಿಗೆಯ ಹೊತ್ತಿಗೆ ಮಕ್ಕಳ ವೈದ್ಯರು ಇರುತ್ತಾರೆಯೇ, ಮಗುವಿಗೆ ತೊಂದರೆಯಾದರೆ ಎಲ್ಲಿಗೆ ಕಳುಹಿಸುತ್ತಾರೆ, ಅಲ್ಲಿಗೆ ಎಷ್ಟು ಹೊತ್ತಿನ ದಾರಿ? ಹೆರಿಗೆ ಕೋಣೆಯಲ್ಲಿ ತಾಯಿಯೋ ಅಕ್ಕನೋ ಜೊತೆಗಿರಲು ಬಿಡುತ್ತಾರೆಯೇ? ಗೋಡೆಗೆ ಹೊಸ ಬಣ್ಣ, ಕೋಣೆಗೆ ಎಸಿ ಇರುವುದಕ್ಕಿಂತ ಈ ಉತ್ತರಗಳೇ ಮುಖ್ಯ. ಉತ್ತರಗಳು ಸಮಾಧಾನಕರವಾಗಿಲ್ಲದಿದ್ದರೆ, ರಕ್ತದೊತ್ತಡ, ಸಕ್ಕರೆ, ಅವಳಿ ಮಕ್ಕಳು, ಗರ್ಭಕೋಶದ ಬಾಯಿಯ ಬಳಿ ಕೆಳಗೆ ಕುಳಿತ ಮಾಸು ಮುಂತಾದ ತೊಡಕು ಇರುವವರು ತವರಿನ ಹಂಬಲವನ್ನು ಬದಿಗಿಟ್ಟು ತಾಯಿಯನ್ನೇ ತಾವಿದ್ದಲ್ಲಿಗೆ ಕರೆಸಿಕೊಳ್ಳುವುದು ಲೇಸು. ಬಾಣಂತನಕ್ಕೆ ತವರಿಗೆ ಹೋಗುವುದಾದರೆ ಹೆರಿಗೆಯ ನಂತರವೂ ಹೋಗಬಹುದಲ್ಲವೇ?

ಮಲೆನಾಡಿನವರಿಗೆ ಇನ್ನೊಂದು ಮಾತು. ದಿನ ತುಂಬುವುದು ಜೂನ್‌ನಿಂದ ಆಗಸ್ಟ್‌ನ ನಡುವೆ ಎಂದಾದರೆ, ಮರ ಬಿದ್ದು, ಗುಡ್ಡ ಜರಿದು, ಹೊಳೆ ಏರಿ ದಾರಿ ಮುಚ್ಚಿಹೋಗುವ ಸಾಧ್ಯತೆಯನ್ನು ಈಗಲೇ ಲೆಕ್ಕಕ್ಕೆ ತೆಗೆದುಕೊಂಡು, ಕೊನೆಯ ಎರಡು ಮೂರು ವಾರ ತಾಲ್ಲೂಕು ಕೇಂದ್ರದಲ್ಲಿರುವ ನೆಂಟರ ಮನೆಯಲ್ಲಿ ಉಳಿಯುವ ಏರ್ಪಾಡನ್ನು ಮಾಡಿಕೊಂಡಿರಬೇಕು.

ಕಡತ

ಎಲ್ಲ ಕಾಗದಗಳನ್ನೂ ದಿನಾಂಕದ ಕ್ರಮದಲ್ಲಿ ಒಂದು ಕಡತಕ್ಕೆ ಸೇರಿಸಿ, ಪ್ರತಿಯೊಂದರ ಫೋಟೋವನ್ನು ನಿಮ್ಮ ಮತ್ತು ಪತಿಯ ಫೋನಿನಲ್ಲಿ ಇಟ್ಟುಕೊಳ್ಳಿ. ತಾಯಿ ಕಾರ್ಡ್ (ಗರ್ಭಿಣಿಯ ತಪಾಸಣೆ, ಲಸಿಕೆಗಳನ್ನು ದಾಖಲಿಸುವ ಸರ್ಕಾರಿ ಕಾರ್ಡ್), ರಕ್ತದ ಗುಂಪು, ಹಿಮೋಗ್ಲೋಬಿನ್, ಥೈರಾಯ್ಡ್, ಎಚ್‌ಐವಿ, ಹೆಪಟೈಟಿಸ್ ಬಿ ಪರೀಕ್ಷೆಗಳ ವರದಿ, ಎಲ್ಲ ಸ್ಕ್ಯಾನಿಂಗ್‌ಗಳ ವರದಿ ಅದರಲ್ಲಿರಬೇಕು. ಇವುಗಳಲ್ಲಿ ಮೊದಲ ಮೂರು ತಿಂಗಳಿನಲ್ಲಿ ಆದ ಸ್ಕ್ಯಾನಿಂಗ್ ವರದಿಯನ್ನು ಕಳೆದುಕೊಳ್ಳಲೇಬಾರದು. ಹೆರಿಗೆಯ ನಿರೀಕ್ಷಿತ ದಿನವನ್ನು ಕೊನೆಯ ಮುಟ್ಟಿನ ಮೊದಲ ದಿನದಿಂದ 280 ದಿನ ಎಣಿಸಿ ಹೇಳುತ್ತಾರೆ, ಆ ಎಣಿಕೆ ಸರಿಯೇ ಎಂಬುದನ್ನು ತಾಳೆ ನೋಡುವುದು ಆ ಮೊದಲ ಸ್ಕ್ಯಾನಿಂಗ್‌ನಿಂದ. ಮುಂದಿನ ಸ್ಕ್ಯಾನಿಂಗ್‌ಗಳು ಮಗುವಿನ ಗಾತ್ರವನ್ನು ಹಿಡಿದು ಬೇರೆ ಬೇರೆ ದಿನಾಂಕ ತೋರಿಸುತ್ತವೆ. ಎಂಟನೆಯ ತಿಂಗಳಿನ ವರದಿಯನ್ನಷ್ಟೇ ಹೊಸ ವೈದ್ಯರ ಮುಂದಿಟ್ಟರೆ, ಮಗುವಿನ ಬೆಳವಣಿಗೆ ಕುಂಠಿತವಾಗಿದೆಯೋ ದಿನದ ಎಣಿಕೆಯೇ ತಪ್ಪಿದೆಯೋ ಎಂದು ನಿರ್ಧರಿಸುವುದು ಅವರಿಗೆ ಕಷ್ಟವಾಗುತ್ತದೆ.

ಖಾಸಗಿ ಆಸ್ಪತ್ರೆಯಲ್ಲಿ ತೋರಿಸುತ್ತಿರುವವರೂ ತಾಯಿ ಕಾರ್ಡ್ ಮಾಡಿಸಿಕೊಳ್ಳಬೇಕು. ನಿಮ್ಮ ಬಡಾವಣೆಯ ಆಶಾ ಕಾರ್ಯಕರ್ತೆ ಅಥವಾ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದವರು ಇದಕ್ಕೆ ನೆರವಾಗುತ್ತಾರೆ. ನೋಂದಣಿ ಸಂಖ್ಯೆ ಊರು ಬದಲಾದರೂ ಬದಲಾಗುವುದಿಲ್ಲ. ತವರಿನ ಆಶಾ ಕಾರ್ಯಕರ್ತೆಗೆ ಅದನ್ನು ತಿಳಿಸಿಟ್ಟರೆ ಮಗುವಿನ ಲಸಿಕೆಯವರೆಗೂ ಲೆಕ್ಕ ಒಂದೇ ಕಡೆ ಸಾಗುತ್ತದೆ.

ಕಾಲ ಮೀರಬಾರದ ಪರೀಕ್ಷೆಗಳು

18ರಿಂದ 20ನೇ ವಾರದೊಳಗೆ ಮಗುವಿನ ಅಂಗಾಂಗಗಳನ್ನು ವಿವರವಾಗಿ ನೋಡುವ ಸ್ಕ್ಯಾನಿಂಗ್ ಆಗಬೇಕು. ಮೆದುಳು, ಬೆನ್ನುಹುರಿ, ಹೃದಯ, ಮೂತ್ರಪಿಂಡ, ಕೈಕಾಲು, ಮಾಸು ಇರುವ ಜಾಗ ಇವೆಲ್ಲವನ್ನೂ ಇದರಲ್ಲಿ ಪರಿಶೀಲಿಸುತ್ತಾರೆ. ಅನುಭವಿ ತಜ್ಞರಲ್ಲಿ ಸಮಯ ಸಿಗುವುದು ತಡವಾಗಬಹುದಾದ್ದರಿಂದ 16ನೇ ವಾರದಲ್ಲಿಯೇ ದಿನ ಗೊತ್ತುಮಾಡಿಕೊಳ್ಳಿ. ಏನಾದರೂ ದೋಷ ಕಂಡುಬಂದರೆ ಮುಂದಿನ ಪರೀಕ್ಷೆಗೆ, ಎರಡನೆಯ ಅಭಿಪ್ರಾಯಕ್ಕೆ, ದಂಪತಿ ಕುಳಿತು ಯೋಚಿಸುವುದಕ್ಕೆ ಕಾಲ ಬೇಕು, ಗರ್ಭಪಾತಕ್ಕೆ ಕಾನೂನಿನ ಕಾಲಮಿತಿಗಳೂ ಇವೆ. ಆದ್ದರಿಂದ ಈ ಒಂದು ಪರೀಕ್ಷೆಯನ್ನು ಹಬ್ಬ, ಮದುವೆ ಎಂದು ಮುಂದೂಡಬಾರದು. ಮಗು ಗಂಡೋ ಹೆಣ್ಣೋ ಎಂದು ಕೇಳುವುದೂ ಹೇಳುವುದೂ 1994ರ ಕಾಯ್ದೆಯ ಪ್ರಕಾರ ಅಪರಾಧ. ಜೊತೆಗೆ ಬರುವ ಹಿರಿಯರಿಗೆ ಇದನ್ನು ಮನೆಯಲ್ಲೇ ತಿಳಿಸಿ ಕರೆದೊಯ್ಯಿರಿ.

24ರಿಂದ 28ನೇ ವಾರದ ನಡುವೆ ಸಕ್ಕರೆಯ ಪರೀಕ್ಷೆ. 75 ಗ್ರಾಂ ಗ್ಲೂಕೋಸನ್ನು ನೀರಿನಲ್ಲಿ ಕದಡಿ ಕುಡಿಸಿ, ಎರಡು ಗಂಟೆ ಕಳೆದ ಮೇಲೆ ರಕ್ತ ತೆಗೆಯುತ್ತಾರೆ; ಸರ್ಕಾರಿ ಆಸ್ಪತ್ರೆಗಳಲ್ಲಿ ಅನುಸರಿಸುವ ಕ್ರಮದಲ್ಲಿ ಅದು 140 ಅಥವಾ ಹೆಚ್ಚು ಬಂದರೆ ಗರ್ಭಾವಸ್ಥೆಯ ಮಧುಮೇಹ ಎಂದು ಪರಿಗಣಿಸುತ್ತಾರೆ. ಮೊದಲ ತಿಂಗಳುಗಳಲ್ಲಿ ಸಕ್ಕರೆ ಸರಿಯಿತ್ತು ಎಂಬ ಕಾರಣಕ್ಕೆ ಇದನ್ನು ಬಿಡುವಂತಿಲ್ಲ, ಏಕೆಂದರೆ ಈ ಮಧುಮೇಹ ಸಾಮಾನ್ಯವಾಗಿ ಕಾಣಿಸಿಕೊಳ್ಳುವುದೇ ಈ ವಾರಗಳಲ್ಲಿ. ನಿಮ್ಮ ರಕ್ತದ ಗುಂಪು ನೆಗೆಟಿವ್ ಆಗಿದ್ದು ಪತಿಯದು ಪಾಸಿಟಿವ್ ಆಗಿದ್ದರೆ, ತಾಯಿಯ ದೇಹ ಮಗುವಿನ ರಕ್ತದ ವಿರುದ್ಧ ಪ್ರತಿಕಾಯ ಬೆಳೆಸದಂತೆ ತಡೆಯಲು 28ನೇ ವಾರದ ಸುಮಾರಿಗೆ ಕೊಡುವ ಆಂಟಿ-ಡಿ ಚುಚ್ಚುಮದ್ದಿನ ಬಗ್ಗೆ ಈಗಲೇ ವಿಚಾರಿಸಿ, ತವರಿಗೆ ಹೊರಡುವ ಮುನ್ನ ಪಡೆಯಬೇಕೋ ಅಲ್ಲಿ ಪಡೆಯಬೇಕೋ ಎಂಬುದನ್ನು ಬರೆಸಿಕೊಳ್ಳಿ. ಧನುರ್ವಾಯು, ಡಿಫ್ತೀರಿಯಾ ತಡೆಯುವ ಟಿಡಿ ಲಸಿಕೆಯ ಎರಡು ಡೋಸ್‌ಗಳ ನಡುವೆ ನಾಲ್ಕು ವಾರದ ಅಂತರ ಇರಬೇಕು. ಎರಡನೆಯದೂ ಇದೇ ರೀತಿ ಮರೆತುಹೋಗುವಂಥದ್ದು.

ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ನಾಲ್ಕನೆಯ ತಿಂಗಳಿನಿಂದ ಮುಂದಿನ ಗರ್ಭಿಣಿಯರನ್ನು ವೈದ್ಯರು ಉಚಿತವಾಗಿ ಪರೀಕ್ಷಿಸುತ್ತಾರೆ. ತವರಿನ ಆಸ್ಪತ್ರೆಯನ್ನು ನೋಡಿಬರುವ ದಿನವನ್ನು ಅಂದಿಗೆ ಇಟ್ಟುಕೊಂಡರೆ ಎರಡೂ ಕೆಲಸ ಒಮ್ಮೆಗೇ ಆಗುತ್ತದೆ.

ಮಾತ್ರೆ, ಊಟ

ಕಬ್ಬಿಣಾಂಶದ ಮಾತ್ರೆ ದಿನಕ್ಕೊಂದರಂತೆ ಕನಿಷ್ಠ 180 ದಿನ, ಕ್ಯಾಲ್ಸಿಯಂ 500 ಮಿಲಿಗ್ರಾಂನಂತೆ ದಿನಕ್ಕೆರಡು ಬಾರಿ ಎಂಬುದು ಸರ್ಕಾರಿ ವ್ಯವಸ್ಥೆಯಲ್ಲಿ ಕೊಡುವ ಸಾಮಾನ್ಯ ಪ್ರಮಾಣ. ನಿಮ್ಮ ವೈದ್ಯರು ಬೇರೆ ಹೇಳಿದ್ದರೆ ಅದೇ ಅಂತಿಮ. ಇವೆರಡನ್ನೂ ಒಟ್ಟಿಗೆ ನುಂಗಿದರೆ ಕಬ್ಬಿಣ ಮೈಗೆ ಹತ್ತುವುದಿಲ್ಲವಾದ್ದರಿಂದ ಎರಡು ಗಂಟೆಯ ಅಂತರವಿರಲಿ. ಊಟದ ಬೆನ್ನಿಗೇ ಕಾಫಿ, ಚಹಾ ಕುಡಿಯುವ ಅಭ್ಯಾಸವೂ ಅದೇ ಹಾನಿ ಮಾಡುತ್ತದೆ. ಬದಲಿಗೆ ನಿಂಬೆಹಣ್ಣಿನ ಪಾನಕ, ನೆಲ್ಲಿಕಾಯಿ, ಸೀಬೆಹಣ್ಣು ಸಹಾಯಕ. ಮಲ ಕಪ್ಪಾಯಿತೆಂದು, ಮಲಬದ್ಧತೆಯಾಯಿತೆಂದು, ಮಾತ್ರೆಯಿಂದ ಮಗು ಕಪ್ಪಾಗುತ್ತದೆ ಎಂದು ಯಾರೋ ಹೇಳಿದರೆಂದು ಎಷ್ಟೋ ಮಂದಿ ಸದ್ದಿಲ್ಲದೆ ಮಾತ್ರೆ ನಿಲ್ಲಿಸಿಬಿಡುತ್ತಾರೆ. ಮಗುವಿನ ಬಣ್ಣಕ್ಕೂ ಈ ಮಾತ್ರೆಗೂ ಸಂಬಂಧವೇ ಇಲ್ಲ. ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆ ಇರುವ ತಾಯಿಗೆ ಹೆರಿಗೆಯಲ್ಲಿ ಆಗುವ ರಕ್ತಸ್ರಾವವನ್ನು ತಾಳಿಕೊಳ್ಳುವುದು ಕಷ್ಟ, ಈ ಕೊರತೆಯನ್ನು ತುಂಬಿಕೊಳ್ಳಲು ಕಾಲಾವಕಾಶ ಇರುವುದು ಈಗ ಮಾತ್ರ. ಮಾತ್ರೆ ಒಗ್ಗದಿದ್ದರೆ ವೈದ್ಯರಿಗೆ ಹೇಳಿ ಬದಲಿಸಿಕೊಳ್ಳಿ.

ಊಟದ ಬಗ್ಗೆ ಹೆಚ್ಚು ಹೇಳಬೇಕಿಲ್ಲ: ರಾಗಿ, ಬೇಳೆ, ಮೊಳಕೆ ಕಾಳು, ಸೊಪ್ಪು, ಮೊಸರು, ತಿನ್ನುವವರಿಗೆ ಮೊಟ್ಟೆ, ಮೀನು. ಮಾತೃಪೂರ್ಣ ಯೋಜನೆಯಡಿ ಅಂಗನವಾಡಿಯಲ್ಲಿ ಗರ್ಭಿಣಿಯರಿಗೆ ಮಧ್ಯಾಹ್ನದ ಊಟವೂ ಇದೆ.

ರಜೆ ಮತ್ತು ಹಣ

ಉದ್ಯೋಗದಲ್ಲಿರುವವರಿಗೆ ಮೊದಲ ಹೆರಿಗೆಗೆ 26 ವಾರಗಳ ವೇತನಸಹಿತ ರಜೆ ಕಾನೂನಿನಲ್ಲಿದೆ; ಹೆರಿಗೆಗೆ ಮುಂಚೆ ಅದರಲ್ಲಿ ಎಂಟು ವಾರಗಳನ್ನು ಮಾತ್ರ ಬಳಸಬಹುದು, ಹೆರಿಗೆಗೆ ಹಿಂದಿನ ಹನ್ನೆರಡು ತಿಂಗಳಿನಲ್ಲಿ ಕನಿಷ್ಠ 80 ದಿನ ಅಲ್ಲಿ ದುಡಿದಿರಬೇಕು. ಏಳರಲ್ಲೇ ತವರಿಗೆ ಹೊರಟರೆ ರಜೆಯ ಲೆಕ್ಕ ಹೊಂದುವುದಿಲ್ಲ ಎಂಬುದನ್ನು ಸೀಮಂತದ ಮುಹೂರ್ತ ಇಡಿಸುವ ಮೊದಲೇ ಮನೆಯವರಿಗೆ ತಿಳಿಸಿ. ಪತಿಗೆ ಎಷ್ಟು ದಿನ ರಜೆ ಸಿಗುತ್ತದೆ ಎಂಬುದನ್ನೂ ಲಿಖಿತವಾಗಿ ಕೇಳಿಕೊಳ್ಳಲಿ. ಆರೋಗ್ಯ ವಿಮೆ ಇದ್ದರೆ ಹೆರಿಗೆಗೆ ಎಷ್ಟು ಮಿತಿ, ಕಾಯುವ ಅವಧಿ ಮುಗಿದಿದೆಯೇ, ತವರಿನ ಆಸ್ಪತ್ರೆ ಅವರ ಪಟ್ಟಿಯಲ್ಲಿದೆಯೇ, ಹುಟ್ಟಿದ ದಿನದಿಂದಲೇ ಮಗುವಿಗೂ ಅನ್ವಯಿಸುತ್ತದೆಯೇ ಎಂಬುದನ್ನು ನೋಡಿ.

ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್ ಆದರೂ ಸಹ, ಔಷಧಿ, ಪರೀಕ್ಷೆ, ರಕ್ತ, ಊಟ ಸೇರಿ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಉಚಿತ. ಮಾತೃವಂದನಾ ಯೋಜನೆಯಲ್ಲಿ ಅರ್ಹರಿಗೆ ಮೊದಲ ಮಗುವಿಗೆ 5,000 ರೂಪಾಯಿ ಎರಡು ಕಂತುಗಳಲ್ಲಿ ಬರುತ್ತದೆ. ಅದಕ್ಕೆ ತಾಯಿಯ ಹೆಸರಿನಲ್ಲಿಯೇ, ಆಧಾರ್ ಜೋಡಿಸಿದ ಬ್ಯಾಂಕ್ ಖಾತೆ ಬೇಕು. ಮದುವೆಯ ನಂತರ ಹೆಸರು ಒಂದು ಕಡೆ ಬದಲಾಗಿ ಇನ್ನೊಂದು ಕಡೆ ಹಾಗೆಯೇ ಉಳಿದಿದ್ದರೆ ಈಗಲೇ ಸರಿಪಡಿಸಿಕೊಳ್ಳಿ, ಹಸುಗೂಸನ್ನು ಎತ್ತಿಕೊಂಡು ಆ ಕೆಲಸಕ್ಕೆ ಅಲೆಯುವುದು ಬೇಡ.

ಬಾಣಂತನದ ಮಾತುಕತೆ

ಮಗುವಿನ ಬಟ್ಟೆಬರೆಯನ್ನು ಮೊದಲೇ ಕೊಳ್ಳಬಾರದು ಎಂಬ ನಂಬಿಕೆ ಹಲವು ಮನೆಗಳಲ್ಲಿದೆ. ಅದನ್ನು ಗೌರವಿಸಿಯೂ, ಹಳೆಯ ಹತ್ತಿಯ ಪಂಚೆ, ಸೀರೆಗಳನ್ನು ಒಗೆದು ಬಿಸಿಲಿಗೆ ಒಣಗಿಸಿ ಮಡಿಸಿಡಬಹುದು. ಅದಕ್ಕಿಂತ ಮುಖ್ಯವಾದದ್ದು ತಾಯಿ, ಅಜ್ಜಿ, ಅತ್ತೆಯವರೊಡನೆ ಕುಳಿತು ಆಡಬೇಕಾದ ಮಾತು. ಹೆರಿಗೆಯ ನೋವು, ನಿದ್ದೆಗೇಡುಗಳ ನಡುವೆ ಹಿರಿಯರೊಡನೆ ವಾದಿಸುವ ಶಕ್ತಿ ಬಾಣಂತಿಗೆ ಇರುವುದಿಲ್ಲ. ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಕೊಡುವುದು, ಮೊದಲ ದಿನಗಳ ಹಳದಿ ಹಾಲನ್ನು ಹಿಂಡಿ ಚೆಲ್ಲದಿರುವುದು, ಆರು ತಿಂಗಳು ಎದೆಹಾಲಲ್ಲದೆ ಜೇನು, ಸಕ್ಕರೆ ನೀರು, ತೇಯ್ದ ಬಜೆ ಯಾವುದನ್ನೂ ನೆಕ್ಕಿಸದಿರುವುದು, ಕಣ್ಣಿಗೆ ಕಾಡಿಗೆ ಹಚ್ಚದಿರುವುದು, ಮುಚ್ಚಿದ ಕೋಣೆಯಲ್ಲಿ ಹೊಗೆ ಹಾಕದಿರುವುದು, ಬಾಣಂತಿಗೆ ನೀರು ಕಡಿಮೆ ಮಾಡದಿರುವುದು ಇವಿಷ್ಟನ್ನು ಮೊದಲೇ ಒಪ್ಪಿಸಿಕೊಳ್ಳಬೇಕು. ಹೀಗೆ ಹೇಳಿದಾಗ ಅಜ್ಜಿಯರಿಗೆ ನೋವಾಗಬಹುದು. ಎಣ್ಣೆ ನೀರು, ಮೆಂತ್ಯ, ಬೆಳ್ಳುಳ್ಳಿ, ಅಂಟಿನ ಉಂಡೆ, ಬೆಚ್ಚಗಿನ ಊಟ, ಹಗಲು ನಿದ್ದೆ ಇವೆಲ್ಲ ಅವರ ಕೈಯಿಂದಲೇ ಆಗಬೇಕು ಎಂಬುದನ್ನೂ ಮನಸಾರೆ ಹೇಳಿ. ಬೇಕಾದರೆ ಒಮ್ಮೆ ಅವರನ್ನೇ ತಪಾಸಣೆಗೆ ಜೊತೆಗೆ ಕರೆದೊಯ್ದು ವೈದ್ಯರ ಬಾಯಿಂದ ಕೇಳಿಸಿ.

ತಡಮಾಡದೆ ಆಸ್ಪತ್ರೆಗೆ

ಚೊಚ್ಚಲಿನಲ್ಲಿ ಮಗುವಿನ ಚಲನೆ ಸಾಮಾನ್ಯವಾಗಿ 18ರಿಂದ 20ನೇ ವಾರದ ಸುಮಾರಿಗೆ ತಿಳಿಯುತ್ತದೆ. 24 ವಾರವಾದರೂ ತಿಳಿಯದಿದ್ದರೆ ವೈದ್ಯರಲ್ಲಿ ಹೇಳಬೇಕು. ರಕ್ತಸ್ರಾವ, ನೀರು ಸೋರುವುದು, ಬಿಡದ ತಲೆನೋವು, ಕಣ್ಣು ಮಂಜಾಗುವುದು, ಮುಖ ಮತ್ತು ಕೈ ಊದಿಕೊಳ್ಳುವುದು, ಜ್ವರ, ಬಿಟ್ಟು ಬಿಟ್ಟು ಬರುವ ಹೊಟ್ಟೆನೋವು, ಇದ್ದ ಚಲನೆ ಕಡಿಮೆಯಾಗುವುದು, ರಕ್ತದೊತ್ತಡ 140/90 ಅಥವಾ ಅದಕ್ಕಿಂತ ಹೆಚ್ಚಾಗುವುದು ಇವುಗಳಲ್ಲಿ ಯಾವುದೊಂದು ಕಂಡರೂ ಬೆಳಗಾಗಲಿ ಎಂದು ಕಾಯಬಾರದು. ವಾಹನ ಇಲ್ಲದಿದ್ದರೆ 108ಕ್ಕೆ ಕರೆ ಮಾಡಿ, ಕಡತವನ್ನು ಮರೆಯದೆ ಜೊತೆಗೆ ತೆಗೆದುಕೊಂಡು ಹೊರಡಿ.